ತೇಜಶ್ರೀ ಬಳಿದ ನೀಲಿ ರೋಬೋ

ಹಾಸನದ ಸಿದ್ದೇಶನಿಗೆ ಬೆರಳುದ್ದದ ರೋಬೋ ಗೊಂಬೆಗಳಿಗೆ ಬಣ್ಣ ಬಳಿಯುವ ಹುಚ್ಚು. ಒಂದು ಭಾನುವಾರ ಹೆಂಡತಿ ತೇಜಶ್ರೀಯೂ ಜೊತೆಗೆ ಕೂತು, ಮೊದಲ ಸಲ ಕುಂಚ ಹಿಡಿದು ಒಂದಕ್ಕೆ ನೀಲಿ ಬಳಿದಳು. ಬಣ್ಣ ಅಲ್ಲಲ್ಲಿ ಗಂಟುಗಟ್ಟಿತ್ತು. ಆದರೂ ಅದನ್ನು ಟಿವಿ ಪಕ್ಕದಲ್ಲಿಟ್ಟು ಬಂದವರಿಗೆಲ್ಲ ತೋರಿಸಿದಳು.

ಅವಳು ಅರಕಲಗೂಡಿನ ತವರಿಗೆ ಹೋದಾಗ, ಖುಷಿಪಡುತ್ತಾಳೆಂದು ಸಿದ್ದೇಶ ಅದನ್ನು ತಿದ್ದಿದ. ಹಳೆಯ ಬಣ್ಣ ಉಜ್ಜಿ ತೆಗೆದು ಹೊಸದು ಬಳಿದ. ಸಂದುಗಳಿಗೆ ತೆಳುವಾದ ಕಪ್ಪು ಬಣ್ಣ ಹರಿಸಿ, ಅಂಚುಗಳಿಗೆ ಒಣಕುಂಚದಲ್ಲಿ ಬೆಳ್ಳಿ ಬಣ್ಣ ಸವರಿದ.

ಬಂದವಳು ಸುತ್ತ ಹುಡುಕಿದಳು. "ನಂದೆಲ್ರೀ?"

"ಇದೇ ಕಣೆ. ಸ್ವಲ್ಪ ಶೇಡ್ ಕೊಟ್ಟೆ."

ಅವಳು ಅದನ್ನು ತಿರುಗಿಸಿ ನೋಡಿದಳು. "ಚೆನ್ನಾಗದೆ. ನಿಮ್ಮವುಗಳ ಜೊತೇಲೇ ಇಡಿ."

ಆಮೇಲೆ ಎಷ್ಟು ಕರೆದರೂ ಅವಳು ಕುಂಚ ಮುಟ್ಟಲಿಲ್ಲ. ಅದನ್ನು ತಿದ್ದುವ ಮೊದಲು ಅವಳನ್ನು ಒಂದು ಮಾತು ಕೇಳಬೇಕಿತ್ತೆಂದು ಸಿದ್ದೇಶ ಈಗಲೂ ಕೊರಗುತ್ತಾನೆ.