ಎತ್ತಿದ ಮೇಲೆ ನಿಲ್ಲುವುದು

ಬೆಳಗಿನ ಬ್ಯಾಚಿಗೆ ತರಬೇತುದಾರ ಬೇಕೆಂದು ನಮ್ಮ ಜಿಮ್ಮಿನ ಮಾಲೀಕರು ಬಾಗಿಲಿಗೆ ಚೀಟಿ ಅಂಟಿಸಿದಾಗ ಮೊದಲು ಕೇಳಿದವನು ನಾನು. ಎರಡನೆಯವನು ಮೂರು ಸರ್ಟಿಫಿಕೇಟುಗಳಿಗೆ ಪ್ಲಾಸ್ಟಿಕ್ ಹಾಕಿಸಿ ತಂದಿದ್ದ. ನಾನು ಒಂಬತ್ತನೇ ತರಗತಿಯಲ್ಲೇ ಶಾಲೆಗೆ ಕೈಮುಗಿದು ಬಂದವನು. ನನ್ನ ಹತ್ತಿರ ಇದ್ದದ್ದು ಗಟ್ಟಿ ಬೆನ್ನು ಒಂದೇ. ಎಲ್ಲಿ ಹೋದರೂ ಕಾಗದ ಕೇಳುತ್ತಾರೆ, ಪ್ರಪಂಚದ ಭಾರವನ್ನೆಲ್ಲ ಕಾಗದವೇ ಹೊತ್ತಿರುವ ಹಾಗೆ. ನಾನು ಹಲ್ಲು ಕಡಿಯುತ್ತ ನಿಂತದ್ದನ್ನು ನೋಡಿ ಮಾಲೀಕರು ಒಂದು ದಾರಿ ಹೇಳಿದರು. ಇನ್ನು ಮೂರು ತಿಂಗಳಿಗೆ ಜಿಮ್ಮುಗಳ ಸ್ಪರ್ಧೆ ಇದೆ, ಅಲ್ಲಿ ಡೆಡ್‌ಲಿಫ್ಟಿನಲ್ಲಿ ನೂರ ಎಂಬತ್ತು ಕಿಲೋ ಎತ್ತಿದರೆ ಕೆಲಸ ನನ್ನದು, ಇಲ್ಲದಿದ್ದರೆ ಅವನದು.

ಡೆಡ್‌ಲಿಫ್ಟ್ ಅಂದರೆ ನೆಲದ ಮೇಲಿರುವ ಬಾರನ್ನು, ಅದೇ ತೂಕ ಹಾಕಿದ ಕಬ್ಬಿಣದ ಸರಳನ್ನು, ಎತ್ತಿ ಹಿಡಿದು ನೆಟ್ಟಗೆ ನಿಲ್ಲುವುದು, ಅಷ್ಟೆ. ಆಗ ನಾನು ನೂರ ಅರವತ್ತು ಎತ್ತುತ್ತಿದ್ದೆ. ಕಷ್ಟ ಇದ್ದದ್ದು ಬಾರಿನಲ್ಲಲ್ಲ, ಗಡಿಯಾರದಲ್ಲಿ. ಐದಕ್ಕೆ ಜಿಮ್ಮು. ಏಳಕ್ಕೆ ಅಕ್ಕ ಬಟ್ಟೆ ಕಾರ್ಖಾನೆಗೆ ಹೊರಟುಬಿಡುತ್ತಿದ್ದಳು, ಹಾಗಾಗಿ ಅವಳ ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಡುವುದು ನನ್ನ ಪಾಲಿಗೆ. ಒಂಬತ್ತರಿಂದ ಕತ್ತಲಾಗುವವರೆಗೆ ಮನೆ ಸಾಮಾನು ಸಾಗಿಸುವ ಲಾರಿ. ಬೇಯಿಸಿದ ಮೊಟ್ಟೆಗಳನ್ನು ಲಾರಿಯ ಹಿಂದೆ ಯಾರದೋ ಸೋಫಾದ ಮೇಲೆ ಕೂತು ನುಂಗುತ್ತಿದ್ದೆ.

“ಹಗಲೆಲ್ಲ ಸಂಬಳಕ್ಕೆ ಭಾರ ಹೊರ್ತೀಯ, ಬೆಳಿಗ್ಗೆ ದುಡ್ಡು ಕೊಟ್ಟು ಹೊರ್ತೀಯ,” ಅಂದಳು ಅಕ್ಕ. “ತಲೆಯೊಳಗೂ ಸ್ವಲ್ಪ ಭಾರ ಹಾಕಿಸ್ಕೋ.”

ಲಾರಿಯಲ್ಲಿ ನನ್ನ ಜೊತೆಗಾರ ಮೆಟ್ಟಿಲಣ್ಣ. ಪ್ರತಿ ಮನೆಯ ಮೆಟ್ಟಿಲು ಎಣಿಸಿ ನೆನಪಿಟ್ಟುಕೊಳ್ಳುವುದರಿಂದ ಆ ಹೆಸರು. ಬೀರು ಹೊತ್ತು ಮೆಟ್ಟಿಲು ಹತ್ತುವಾಗ ಕೆಳಗಿನವನಿಗೇ ಭಾರ ಜಾಸ್ತಿ. ಮಂಗಳವಾರ, ಶನಿವಾರ ನನಗೆ ಜಿಮ್ಮಿನಲ್ಲಿ ದೊಡ್ಡ ಭಾರದ ದಿನ. ಅದರ ಹಿಂದಿನ ದಿನಗಳಲ್ಲಿ ಅವನು ತಾನಾಗಿಯೇ ಕೆಳಗಿನ ತುದಿ ಹಿಡಿಯುತ್ತಿದ್ದ. ಬೆನ್ನು ಉಳಿಯಿತು, ಬಾರಿನ ಮೇಲೆ ವಾರಕ್ಕಿಷ್ಟೆಂದು ಕಬ್ಬಿಣ ಏರಿತು. ಸ್ಪರ್ಧೆಗೆ ಹತ್ತು ದಿನ ಇರುವಾಗಲೇ ನೂರ ಎಂಬತ್ತು ಎದ್ದಿತು. ಅಲ್ಲೇ ಕಸರತ್ತು ಮಾಡುತ್ತಿದ್ದ ಸರ್ಟಿಫಿಕೇಟಿನವನ ಕಡೆ ತಿರುಗಿ ಒಂದು ಉರಿನೋಟ ಬೀರಿದೆ. ಅವನು ಪಾಪ, ನೀರು ಕುಡಿಯುತ್ತಿದ್ದ.

ಸ್ಪರ್ಧೆಯಲ್ಲಿ ಮೂರು ಅವಕಾಶ. ಮೊದಲಿಗೆ ನೂರ ಎಪ್ಪತ್ತು ಕೇಳಿದೆ. ಹೂವಿನ ಹಾಗೆ ಬಂತು. ಆದರೆ ಕೆಂಪು ದೀಪ ಹತ್ತಿತು, ಅಂದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಎತ್ತಿದ ಮೇಲೆ ನನ್ನ ಬಲಗಾಲು ಒಂದು ಹೆಜ್ಜೆ ಮುಂದಕ್ಕೆ ಹೋಗಿತ್ತಂತೆ; ತೀರ್ಪುಗಾರರು “ಕೆಳಗೆ” ಅನ್ನುವವರೆಗೆ ಪಾದ ಕದಲಬಾರದಂತೆ. ಎರಡನೆಯ ಸಲ ನೂರ ಎಂಬತ್ತನ್ನೇ ಎತ್ತಿದೆ. ಮತ್ತೆ ಬಲಗಾಲು, ಮತ್ತೆ ಕೆಂಪು.

ನನಗೆ ಮೈಯೆಲ್ಲ ಉರಿದುಹೋಯಿತು. ಭಾರ ಎತ್ತಲು ಕರೆದು ಕಾಲು ನೋಡುತ್ತೀರಾ ಎಂದು ಮೇಜಿನ ಹತ್ತಿರಕ್ಕೇ ಹೋದೆ. ತೀರ್ಪುಗಾರ್ತಿ ನರೆಗೂದಲಿನ ಹೆಂಗಸು, ಕನ್ನಡಕವನ್ನೂ ತೆಗೆಯಲಿಲ್ಲ.

“ಎತ್ತಿದ್ದು ನೋಡ್ದೆ ಕಣಪ್ಪ,” ಅಂದರು. “ನಿಂತದ್ದು ನೋಡ್ಲಿಲ್ಲ.”

ಆ ಹೆಜ್ಜೆ ಎಂಟು ವರ್ಷ ಸಾಮಾನು ಹೊತ್ತ ಕಸುಬಿನದು. ಸಾಮಾನು ನೆಲ ಬಿಟ್ಟ ಕ್ಷಣವೇ ಕಾಲು ನಡೆಯಬೇಕು. ನಿಂತರೆ ತೋಳು ಸೋಲುತ್ತದೆ. ಜಿಮ್ಮಿನಲ್ಲಿ ನನ್ನ ಮೂಲೆಯ ಬಾರಿನ ಮುಂದೆಯೇ ಗೋಡೆ, ಹೆಜ್ಜೆಗೆ ಜಾಗವೇ ಇರಲಿಲ್ಲ. ಹಾಗಾಗಿ ಈ ಚಾಳಿ ಯಾರಿಗೂ ಕಂಡಿರಲಿಲ್ಲ, ನನಗೂ.

ನನ್ನನ್ನು ಕರೆದುಕೊಂಡು ಹೋಗಲು ಲಾರಿ ತಂದಿದ್ದ ಮೆಟ್ಟಿಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಹತ್ತಿರ ಬಂದ.

“ಲೋ, ನಿನ್ನ ಕಾಲು ಬಾಗಿಲು ಹುಡುಕ್ತಿದೆ. ಮನೆಗೆ ಬೀಗ ಹಾಕಿದೆ ಅಂದ್ಕೋ. ಯಜಮಾನಿ ಬೀಗದ ಕೈ ಹುಡುಕ್ತಿದ್ದಾಳೆ.”

ನಮ್ಮ ಕಸುಬಿನವರಿಗೆ ಅದಕ್ಕಿಂತ ದೊಡ್ಡ ಸಿಟ್ಟು ಇನ್ನೊಂದಿಲ್ಲ. ಮೂರನೇ ಮಹಡಿ, ತೋಳಲ್ಲಿ ಬೀರು, ಇಳಿಸಲು ಜಾಗವಿಲ್ಲ. ಆಯಮ್ಮ ಬ್ಯಾಗಿನಿಂದ ಬಾಚಣಿಗೆ ತೆಗೆಯುತ್ತಾಳೆ, ಹಳೇ ರಸೀದಿ ತೆಗೆಯುತ್ತಾಳೆ, ಬೇರೆ ಯಾವುದೋ ಬೀಗದ ಕೈ ತೆಗೆಯುತ್ತಾಳೆ. ನಾವು ಕಂಬದ ಹಾಗೆ ನಿಂತಿರಬೇಕು, ಪರವಾಗಿಲ್ಲಮ್ಮ ಅನ್ನುತ್ತಿರಬೇಕು.

ಮೂರನೆಯ ಸಲವೂ ಅದೇ ನೂರ ಎಂಬತ್ತು, ಬಾರು ಮೊಣಕಾಲಿನ ಹತ್ತಿರ ಸಿಕ್ಕಿಕೊಂಡಿತು. ಎಳೆದೆ. ಬಂತು. ಬಲ ಹಿಮ್ಮಡಿ ತುಡಿಯಿತು. ನಾನು ತೀರ್ಪುಗಾರ್ತಿಯನ್ನೇ ದಿಟ್ಟಿಸಿದೆ. ಹುಡುಕಮ್ಮ ತಾಯಿ, ನಿಧಾನವಾಗಿ ಹುಡುಕು, ನನಗೇನು ಅವಸರ, ಇಲ್ಲೇ ಮುದುಕನಾಗುತ್ತೇನೆ ಎಂದು ಒಳಗೊಳಗೇ ಬೈಯುತ್ತ ನಿಂತೆ. ಎಷ್ಟು ಮುಳುಗಿ ಬೈಯುತ್ತಿದ್ದೆನೆಂದರೆ ಅವರು “ಕೆಳಗೆ” ಅಂದದ್ದೇ ಕೇಳಿಸಲಿಲ್ಲ.

“ಇಳಿಸಪ್ಪ, ಸಾಕು,” ಅಂದರು ಎರಡನೆಯ ಸಲ.

ಬಿಳಿ ದೀಪ ಹತ್ತಿತು. ಮಾಲೀಕರು ಬಂದು ನನ್ನ ಹೆಗಲು ತಟ್ಟಿ, ಸೋಮವಾರ ಐದೂವರೆಗೆ ಬಂದುಬಿಡು ಅಂದರು. ಮತ್ತೆ ಕೆಂಪು ಬಂದರೆ ಇರಲಿ ಎಂದು ಬಾಯಿ ತುಂಬ ಜಗಳ ಕೂಡಿಟ್ಟುಕೊಂಡಿದ್ದೆ. ಎಲ್ಲ ದಂಡವಾಯಿತು.