ಅಡುಗೆಮನೆಯ ಕೆಳಗಿನ ದಾರಿ

ದೇವಿದಾಸರಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದ ಮೇಲೆ, ಅಂಕೋಲೆಯ ಹೊರಗೆ ಬೇಲೆಕೇರಿ ಕಡೆಯ ಲೇಔಟಿನಲ್ಲಿದ್ದ ಮನೆ ಮಾರುವುದೆಂದು ನಿಶ್ಚಯವಾಯಿತು. ಮಗಳು ದೀಪಾಲಿ ಕಾರವಾರದ ಬ್ಯಾಂಕೊಂದರಲ್ಲಿದ್ದಳು. ತನ್ನ ಮನೆಯ ಹತ್ತಿರವೇ ಚಿಕ್ಕದೊಂದು ಫ್ಲ್ಯಾಟು ಕೊಂಡು ಅಪ್ಪ, ಆಯಿ ಇಬ್ಬರನ್ನೂ ಅಲ್ಲಿಗೆ ಕರೆತರುವ ಯೋಚನೆ ಅವಳದು.

ಕೊಳ್ಳುವವರು ಬೇಗ ಸಿಕ್ಕರು. ಆದರೆ ಅವರ ವಕೀಲರು ಜಾಗ ಅಳೆಸಿದ ಮೇಲೆ ದೀಪಾಲಿಗೆ ಫೋನು ಮಾಡಿದರು.

“ಮೇಡಂ, ಖರೀದಿ ಪತ್ರದಲ್ಲಿ ಇರೋದಕ್ಕಿಂತ ನಿಮ್ಮ ಕಂಪೌಂಡಿನೊಳಗೆ ಜಾಗ ಹೆಚ್ಚಿದೆ. ಅದು ಎಲ್ಲಿಂದ ಬಂತು?”

ದೀಪಾಲಿಗೂ ಗೊತ್ತಿರಲಿಲ್ಲ. ರಜೆ ಹಾಕಿ ಸಬ್ ರಜಿಸ್ಟ್ರಾರ್ ಕಚೇರಿಗೆ ಹೋಗಿ ಹಳೆಯ ಪತ್ರಗಳ ನಕಲು ತೆಗೆಸಿದಳು. ಮೊದಲು ಗದ್ದೆಯಾಗಿದ್ದದ್ದು, ಉಮೇಶ ಎಂಬವರು ಅದನ್ನು ಸೈಟುಗಳಾಗಿ ಮಾಡಿದ್ದು, ಅಪ್ಪ ಕೊಂಡದ್ದು, ಎಲ್ಲ ಸರಿಯಾಗಿಯೇ ಇತ್ತು. ಉಳಿದದ್ದು ಲೇಔಟಿನ ನಕ್ಷೆ. ಕಾರವಾರದ ನಗರ ಯೋಜನಾ ಕಚೇರಿಯಲ್ಲಿ ಗುಮಾಸ್ತರು ಅದನ್ನು ಮೇಜಿನ ಮೇಲೆ ಬಿಡಿಸಿದಾಗ ಅವಳು ತಮ್ಮ ಸೈಟನ್ನು ಹುಡುಕಿ ಬೆರಳಿಟ್ಟಳು. ಅದರ ಬಡಗಣ ಬದಿಗೆ ಎರಡು ಗೆರೆ ಜೊತೆಜೊತೆಯಾಗಿ ಹಿಂದಿನ ಮೀನುಗಾರರ ಕೇರಿಯವರೆಗೂ ಹೋಗಿದ್ದವು. ನಡುವೆ ‘ರಸ್ತೆ’ ಎಂದು ಬರೆದಿತ್ತು. ಆ ರಸ್ತೆಯ ಮೇಲೆ ಈಗ ಆಯಿಯ ಅಡುಗೆಮನೆ ನಿಂತಿತ್ತು.

ಉಮೇಶರನ್ನು ಕೇಳಿದರೆ ನಕ್ಕುಬಿಟ್ಟರು. “ಅದೆಂತ ದೊಡ್ಡ ವಿಷಯ ಅಲ್ಲ ಮಗಾ. ಹಿಂದಿನ ಮನೆ ಲತಾನ ಒಂದು ಸಹಿ ತಕಾ. ಇಲ್ಲಿ ದಾರಿ ಇರ್ಲೇ ಇಲ್ಲ ಅಂತ ಬರ್ಕೊಟ್ರೆ ಸಾಕು. ಉಳದದ್ದು ನಾ ನೋಡ್ಕಂತೆ.”

ಆ ಸಂಜೆಯೇ ಅಂಕೋಲೆಗೆ ಬಂದು ಅಪ್ಪನ ಮಂಚದ ಪಕ್ಕ ಕೂತಳು.

“ಅದು ರಸ್ತೆ ಅಂತ ನಿಂಗೆ ಗೊತ್ತಿತ್ತಾ ಅಪ್ಪ?”

“ಗೊತ್ತಿತ್ತು,” ಎಂದರು ದೇವಿದಾಸ. “ಆಗ ಹಿಂದೆ ನಾಕು ಮನೆ ಇದ್ರೆ ಹೆಚ್ಚು. ಗೋಡೆ ಹಾಕ್ಕಾ, ಯಾರು ಕೇಳ್ತ್ರು ಅಂದ ಉಮೇಶ. ಹಾಕ್ದೆ.”

“ಯಾರೂ ಕೇಳ್ಲಿಲ್ವಾ?”

“ಲತಾನ ಗಂಡ ಬಾಬು ಒಂದ್ಸಲ ಬಂದಿದ್ದ. ರಸ್ತೆ ಅಂತ ಕಾಗದ ಇದ್ರೆ ತಕಂಡು ಬಾ ಅಂದೆ. ಮತ್ತೆ ಬರ್ಲಿಲ್ಲ.” ಆಮೇಲೆ ಮಗಳ ಮೇಲೆ ಸಿಡುಕಿದರು. “ನಾ ಸಾಯೂ ಹೊತ್ನಲ್ಲಿ ಅದ್ನೆಲ್ಲ ಎಂತಕ್ಕೆ ಕೆದಕ್ತ್ಯಾ?”

ಬಾಗಿಲಲ್ಲಿ ನಿಂತಿದ್ದ ಆಯಿ ಗೋದಾವರಿ ಒಳಗೆ ಹೋದರು.

ಮರುದಿನ ದೀಪಾಲಿ ಉಮೇಶರು ಬರೆಸಿ ಕಳಿಸಿದ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಲತಾನ ಮನೆಗೆ ಹೊರಟಳು. ತಮ್ಮ ಹಿತ್ತಿಲ ಗೋಡೆಯಾಚೆಗೇ ಇದ್ದ ಮನೆ. ಆದರೆ ಗೋಡೆಯ ಗೇಟಿಗೆ ಅವಳು ಚಿಕ್ಕವಳಿದ್ದಾಗಿನಿಂದಲೂ ಬೀಗ. ಅಲ್ಲಿಗೆ ಹೋಗಲು ದೊಡ್ಡ ರಸ್ತೆಗೆ ಬಂದು, ತೆಂಗಿನ ತೋಟ ಸುತ್ತಿ, ಗದ್ದೆಯ ಬದುವಿನ ಮೇಲೆ ನಡೆಯಬೇಕಾಯಿತು. ಗೋಡೆಯ ಈಚೆಗೇ ಬೆಳೆದವಳು ಅವಳು, ಆ ಬದುವಿನ ಮೇಲೆ ಎಂದೂ ಕಾಲಿಟ್ಟಿರಲಿಲ್ಲ.

ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಲತಾ ಕೈ ತೊಳೆದು ಬಂದು ಕಾಗದ ಓದಿದಳು.

“ಹಾಕ್ತೆ ತಂಗಿ, ಸಹಿಗೆಂತ. ನಂಗೆ ದಾರಿ ಬೇಕಾದ ದಿವ್ಸ ಹೋಯ್ತು.”

“ಎಂತಾಯ್ತು ಲತಕ್ಕ?”

“ನಿಂಗೆ ಯಾರೂ ಹೇಳ್ಲಿಲ್ವಾ? ನಮ್ಮನೆಯವ್ರಿಗೆ ಎದೆನೋವು ಬಂತು. ಆಷಾಢದ ಮಳೆ. ಆಂಬ್ಯುಲೆನ್ಸು ಬೇಗನೇ ಬಂತು, ನಿಮ್ಮ ಮನೆ ಎದುರು ಬಂದು ನಿಂತ್ಕಂತು. ಮುಂದೆ ದಾರಿ ಇಲ್ಲ. ಅವ್ರನ್ನ ಕುರ್ಚಿಗೆ ಕಟ್ಟಿ ಇದೇ ಬದುವಿನ ಮೇಲೆ ಹೊತ್ಕಂಡು ಹೋದ್ರು. ಒಬ್ಬ ಜಾರಿದ, ಕುರ್ಚಿ ಗದ್ದೆಗೆ ಬಿತ್ತು. ಮತ್ತೆ ಎತ್ತಿದ್ರು. ಗಾಡಿ ಹತ್ರ ಹೋಗೂ ಹೊತ್ತಿಗೆ ಆಂಬ್ಯುಲೆನ್ಸಿನ ಹುಡ್ಗ ಕೈ ಹಿಡ್ದು ನೋಡ್ದ, ಆಮೇಲೆ ನನ್ನ ಮುಖ ನೋಡ್ದ.” ಅವಳು ಗೋಡೆಯ ಕಡೆ ಗದ್ದ ಎತ್ತಿದಳು. “ನಿಮ್ಮನೆ ಒಗ್ಗರಣೆ ಚಟಪಟ ಅಂದ್ರೆ ನಂಗೆ ಇಲ್ಲಿ ಕೇಳ್ತದೆ. ಅಷ್ಟು ಹತ್ರ.”

ಲತಾ ಪೆನ್ನು ಕೇಳಿದಳು. ದೀಪಾಲಿ ಕೊಡಲಿಲ್ಲ. ಕಾಗದವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಬಂದಳು.

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ದೇವಿದಾಸ ಗೋಡೆಯ ಕಡೆ ಹೊರಳಿ ಮಲಗಿದರು. ಮಾತಾಡಿದ್ದು ಗೋದಾವರಿ.

“ನಾ ಅವತ್ತು ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದೆ. ಕುರ್ಚಿ ಮೇಲೆ ಕೊಡೆ ಹಿಡ್ಕಂಡು ಹೋಗೂದು ಕಾಣ್ತಿತ್ತು. ಹಿತ್ತಿಲ ಗೇಟು ತೆಗೆದಿದ್ರೆ ನಮ್ಮ ಅಂಗಳದಿಂದನೇ ತರಬಹುದಿತ್ತು. ಕೀಲಿ ನನ್ನ ಕೈಯಲ್ಲೇ ಇತ್ತು.”

“ಮತ್ತೆ ಎಂತಕ್ಕೆ ತೆಗೀಲಿಲ್ಲ ಆಯಿ?”

“ಒಂದ್ಸಲ ತೆಗೆದ್ರೆ ಅದೇ ದಾರಿ ಅಂತಾಗ್ತದೆ ಅನ್ನೂ ಹೆದ್ರಿಕೆ.”

ದೀಪಾಲಿಗೆ ಆಯಿಯ ಮುಖ ನೋಡಲಾಗಲಿಲ್ಲ.

“ಅಡುಗೆಮನೆ ಒಡೆಸು,” ಎಂದರು ಗೋದಾವರಿ.

“ಮನೆ ಮಾರಾಟ ಆಗೂದಿಲ್ಲ ಆಯಿ. ಫ್ಲ್ಯಾಟೂ ಹೋಗ್ತದೆ.”

“ಹೋಗ್ಲಿ. ಬಾಡಿಗೆಗೆ ಎಲ್ಲಾದ್ರೂ ಎರಡು ಖೋಲಿ ನೋಡು.”

ದೇವಿದಾಸ ಮಾತು ಬಿಟ್ಟರು. ಒಡೆಯುವವರು ಬಂದ ದಿನ ಕೋಣೆಯಿಂದ ಹೊರಗೆ ಬರಲಿಲ್ಲ, ಊಟವನ್ನೂ ಮಾಡಲಿಲ್ಲ. ಹಾರೆಯ ಏಟಿಗೆ ಮನೆಯೆಲ್ಲ ನಡುಗುತ್ತಿತ್ತು. ಕಪಾಟು, ಒಲೆಕಟ್ಟೆ, ಗೋಡೆ ಎಲ್ಲ ಉರುಳಿ, ಹಿತ್ತಿಲ ಗೋಡೆಯೂ ಬಿದ್ದ ಮೇಲೆ ಮುಂದಿನ ರಸ್ತೆಯಿಂದಲೇ ಲತಾನ ಅಂಗಳ ಕಾಣಿಸಿತು. ಕೇರಿಯ ಕೆಲವರು ಬಂದು ನೋಡಿದರು. ಯಾರೂ ಒಳ್ಳೆಯದಾಯಿತು ಎನ್ನಲಿಲ್ಲ. ಕೊಳ್ಳುವವರು ಹಿಂದೆ ಸರಿದರು. ಆಮೇಲೆ ಬಂದವರಿಗೆ ಅಡುಗೆಮನೆಯಿಲ್ಲದ ಮನೆ ಬೇಕಿರಲಿಲ್ಲ.

ದೀಪಾಲಿ ಕಾರವಾರದ ಕೋಡಿಬಾಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಹೊರಡುವ ದಿನ ಅಪ್ಪನನ್ನು ಕಾರಿನಲ್ಲಿ ಕೂರಿಸಿ ನೋಡಿದರೆ ಆಯಿ ಇರಲಿಲ್ಲ. ಒಬ್ಬರೇ ಆ ಹೊಸ ದಾರಿಯಲ್ಲಿ ನಡೆದು ಲತಾನ ಮನೆ ಹೊಕ್ಕಿದ್ದರು. ತುಂಬಾ ಹೊತ್ತಾದ ಮೇಲೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

ಕಾರು ಹೆದ್ದಾರಿ ಮುಟ್ಟಿದ ಮೇಲೆ ದೇವಿದಾಸ ಎಷ್ಟೋ ದಿನಗಳ ನಂತರ ಬಾಯಿ ಬಿಟ್ಟರು.

“ಬೈದ್ಳಾ?”

“ಇಲ್ಲ,” ಎಂದರು ಗೋದಾವರಿ. “ಚಾ ಮಾಡಿ ಕೊಟ್ಳು. ಬೈದಿದ್ರೆ ಚಲೋ ಆಗ್ತಿತ್ತು.”