ತೊಳೆಯದೆ ಉಳಿದ ರೋಲು

ನಾನು ಒಂದು ಫಿಲ್ಮ್ ಕ್ಯಾಮೆರಾ. ಆಗಿದ್ದೆ ಅನ್ನಬೇಕೇನೋ, ಈಗ ನಾನು ಏನೆಂದು ನನಗೇ ತಿಳಿಯದು. ಜಪಾನಿನ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಮುಂಬಯಿಯ ಅಂಗಡಿಯಲ್ಲಿ ಕೆಲಕಾಲ ಕೂತು, ಕೊನೆಗೆ ಗದಗಿನ ಗುರುಪಾದಪ್ಪನವರ ಸ್ಟುಡಿಯೋ ಸೇರಿದೆ. ಹುಟ್ಟಿಸಿದವರು ನನಗೆ ಕಲಿಸಿದ್ದು ಒಂದೇ ಮಾತು: ಹೊಟ್ಟೆಯೊಳಗೆ ಬೆಳಕು ಬಿಡಬೇಡ. ಶಟರ್ ತೆರೆಯುವ ಆ ಒಂದು ಚಣ ಬಿಟ್ಟರೆ ನಾನೆಂದೂ ಆ ಮಾತು ಮೀರಲಿಲ್ಲ.

ಗುರುಪಾದಪ್ಪನವರದು ಒಳ್ಳೆಯ ಕೈ. ಮದುಮಕ್ಕಳು, ತೊಟ್ಟಿಲ ಕೂಸುಗಳು, ಹಾರ ಹಾಕಿ ಗೋಡೆಗೆ ಆನಿಸಿ ಕೂರಿಸಿದ ಹೆಣಗಳು, ಎಲ್ಲರನ್ನೂ ನನಗೆ ತೋರಿಸಿದರು. ಆದರೆ ಅವರಿಗೊಂದು ಚಟ. ರೋಲು ಪೂರ್ತಿ ಮುಗಿಯದೆ ಲ್ಯಾಬಿಗೆ ತೊಳೆಯಲು ಕೊಡುತ್ತಿರಲಿಲ್ಲ. ಅವರ ಹೆಂಡತಿ ಶಂಕರವ್ವ ದಿನವೂ ಬೇರೆಯವರ ಸೀರೆಯ ನೆರಿಗೆ ಸರಿಮಾಡಿ, ದೀಪ ಹಿಡಿದು ನಿಲ್ಲುತ್ತಿದ್ದರು. "ನಂದೊಂದು ತಗೀರಲ್ಲ," ಅಂದರೆ, ಗಂಡ "ತಡಿ, ಇದು ಗಿರಾಕಿ ರೋಲು," ಅನ್ನುತ್ತಿದ್ದರು. ರೇಷನ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಆ ತಾಯಿಯದೊಂದು ಫೋಟೋ ಇರಲಿಲ್ಲ. ನನಗೆ ಸಿಟ್ಟು ಶುರುವಾದದ್ದೇ ಆಗ.

ಜನ ಮೊಬೈಲು ಹಿಡಿದು ಸ್ಟುಡಿಯೋ ಖಾಲಿ ಹೊಡೆಯತೊಡಗಿದ ಮೇಲೆ, ಒಂದು ಮಧ್ಯಾಹ್ನ ಗುರುಪಾದಪ್ಪ ಹೆಂಡತಿಗೆ, "ಬಾ, ಕೂಡು," ಅಂದರು. ಶಂಕರವ್ವ ಬಾಯಿಗೆ ಸೆರಗು ಹಿಡಿದರು, ಆಮೇಲೆ ಸೆರಗು ಬಿಟ್ಟು ಮನಸಾರೆ ನಕ್ಕರು. ಆ ನಗು ನನ್ನೊಳಗೆ ಉಳಿಯಿತು.

ರೋಲಿನಲ್ಲಿ ಇನ್ನೂ ಎರಡು ಫೋಟೋಗೆ ಜಾಗವಿತ್ತು. ಅದೇ ವರ್ಷ ಶಂಕರವ್ವ ತೀರಿಕೊಂಡರು. ಊರಿನ ಲ್ಯಾಬೂ ಮುಚ್ಚಿತು. ಬೇರೆ ಊರಿಗೆ ಕಳಿಸಬಹುದಿತ್ತು. "ಇನ್ನೆರಡು ಅದಾವು, ಮುಗೀಲಿ," ಎಂದೇ ಗುರುಪಾದಪ್ಪ ವರ್ಷಗಟ್ಟಲೆ ದೂಡಿದರು. ಯಾರ ಫೋಟೋ ತೆಗೆದು ಮುಗಿಸುತ್ತಾರಂತೆ!

ಆಗ ಹುಬ್ಬಳ್ಳಿಯಿಂದ ಮಗಳ ಮಗ ಸಮರ್ಥ ಬಂದ. ಅವನಿಗೆ ಹಳೆಯ ವಸ್ತುಗಳ ಹುಚ್ಚು.

"ಅಜ್ಜಾ, ಇಂಥಾ ಕ್ಯಾಮೆರಾ ಈಗ ಎಲ್ಲಿ ಸಿಗತಾವ! ಒಳಗ ಡಿಜಿಟಲ್ ಕೂಡಸ್ತೀನಿ. ತಗದ ಫೋಟೋ ಎಲ್ಲಾ ಹಿಂದ ಸ್ಕ್ರೀನ್‌ನ್ಯಾಗ ಕಾಣಸ್ತಾವು."

"ತಗದದ್ದೆಲ್ಲಾ?"

"ಎಲ್ಲಾ!"

ಮುದುಕರ ಮುಖ ಅರಳಿತು. ಅವರು ಏನು ತಿಳಿದುಕೊಂಡರೆಂದು ನನಗೆ ಗೊತ್ತಾಯಿತು. ಕೂಗಿ ಹೇಳಲು ನನಗೆ ಬಾಯಿಲ್ಲ.

ಹುಬ್ಬಳ್ಳಿಯಲ್ಲಿ ಸಮರ್ಥ ಟ್ಯೂಬ್‌ಲೈಟಿನ ಕೆಳಗೆ ನನ್ನ ಹಿಂಬದಿ ತೆರೆದ. ಬೆಳಕು ನುಗ್ಗಿ, ತೊಳೆಯದೆ ಉಳಿದ ಆ ನಗುವನ್ನು ಅಳಿಸಿಬಿಟ್ಟಿತು. "ಅರೆ, ರೋಲು ಹಂಗ ಐತಲ್ಲ," ಎಂದು ಎಳೆದು ನೋಡಿ, ಕಸದ ಬುಟ್ಟಿಗೆ ಒಗೆದ. ನನ್ನ ತೊಗಲಿಗೆ ಮಾತ್ರ ಎಂಥ ಆರೈಕೆ! ಲೋಹದ ಅಂಚು ಉಜ್ಜಿದ, ಗೀರುಗಳು ಚಂದವೆಂದು ಹಾಗೇ ಬಿಟ್ಟ. ಚೀಲ ಕಾಪಾಡಿ ಕಾಳು ಚೆಲ್ಲುವವರಿಗೆ ಏನನ್ನಬೇಕು? ಡಿಜಿಟಲ್ ಮೇಲೆ ನನಗೆ ಹಗೆಯಿಲ್ಲ. ಒಳಗೆ ಏನಿದೆ ಎಂದು ಅಜ್ಜನನ್ನು ಒಂದು ಮಾತು ಕೇಳಬಾರದಿತ್ತೇ?

ಗದಗಿಗೆ ಮರಳಿದ ದಿನ ಸಮರ್ಥ ಅಜ್ಜನ ಫೋಟೋ ತೆಗೆದು, ಸ್ಕ್ರೀನು ಅವರ ಮುಂದೆ ಹಿಡಿದ. ಗುರುಪಾದಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

"ನಂದು ಸಾಕು. ಇದರ ಹಿಂದಿಂದು ತೋರಸು. ನಿಮ್ಮ ಅಜ್ಜೀದು."

"ಇದ ಮೊದಲನೇದು ಅಜ್ಜಾ. ಇದರ ಹಿಂದ ಏನೂ ಇಲ್ಲ."

ಗುರುಪಾದಪ್ಪ ನನ್ನನ್ನು ಕೈಗೆ ತೆಗೆದುಕೊಂಡು ತಾವೇ ಸ್ಕ್ರೀನಿನ ಪಕ್ಕದ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಪ್ರತಿ ಸಲವೂ ನಾನು ಅವರಿಗೆ ಅವರ ಮುಖವನ್ನೇ ತೋರಿಸಿದೆ.